ಇಂಟೆನ್ಷನ್ ಕಿಟ್ ವಿಮರ್ಶೆ: ಬತ್ತಿ ಚೆನ್ನಾಗಿದೆ, ಸಂಕಲ್ಪದ ಕಾರ್ಡಿನಲ್ಲಿ ಜಾಗವಿಲ್ಲ

ಮೇಣದಬತ್ತಿ ಉರಿಸಿ ಮಾಡುವ ಮಾಂತ್ರಿಕ ಅಭ್ಯಾಸಕ್ಕೆಂದು ಮಾರುವ ‘ಇಂಟೆನ್ಷನ್ ಕಿಟ್’ (ಸಂಕಲ್ಪದ ಪೆಟ್ಟಿಗೆ) ಹತ್ತಾರು ಲೇಬಲ್ಲುಗಳಲ್ಲಿ ಬರುತ್ತದೆ. ಮುಚ್ಚಳದ ಚಿತ್ರ ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಬೆರಳುಗಾತ್ರದ ಬಣ್ಣಬಣ್ಣದ ಬತ್ತಿಗಳು, 10 ಮಿಲಿ ಎಣ್ಣೆಯ ಸೀಸೆ, ಒಣಮೂಲಿಕೆಯ ಪೊಟ್ಟಣಗಳು, ನಾಲ್ಕೈದು ಕಲ್ಲು, ಸಿಜಿಲ್ (ಸಂಕಲ್ಪದ ಅಕ್ಷರಗಳನ್ನು ಹೆಣೆದು ಮಾಡಿದ ಆಕೃತಿ) ಬರೆಯಲು ಕಾಗದದ ಚೀಟಿಗಳು, ಧೂಪಕ್ಕೆ ಇದ್ದಿಲಿನ ಬಿಲ್ಲೆ, ಒಂದು ಪುಸ್ತಿಕೆ, ಕೊನೆಗೆ ‘ನಿಮ್ಮ ಇಂಟೆನ್ಷನ್ ಇಲ್ಲಿ ಬರೆಯಿರಿ’ ಎನ್ನುವ ಕಾರ್ಡು. ಆ ಕಾರ್ಡಿನಲ್ಲಿ ಬರೆಯಲು ಬಿಟ್ಟಿರುವುದು ಒಂದೇ ಗೆರೆ. ಬಣ್ಣಗಳ ಅರ್ಥ ಹೇಳಲು ಪುಸ್ತಿಕೆ ಪುಟಗಟ್ಟಲೆ ಖರ್ಚು ಮಾಡುತ್ತದೆ. ಯಾವುದರ ಹೆಸರನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ್ದಾರೋ ಅದಕ್ಕೆ ಒಂದು ಗೆರೆ ಸಾಕೆಂದುಕೊಂಡಿದ್ದಾರೆ. ನಮ್ಮ ದೊಡ್ಡ ತಕರಾರು ಇದೇ. ಸಣ್ಣ ತಕರಾರುಗಳೂ ಇವೆ, ಅವು ಮುಂದೆ ಬರುತ್ತವೆ.

ಮೊದಲು ಮೆಚ್ಚಬೇಕಾದ್ದನ್ನು ಹೇಳಿಬಿಡೋಣ. ಬತ್ತಿಯ ಅಳತೆ ಸರಿಯಾಗಿದೆ. ಸುಮಾರು 10 ಸೆಂ.ಮೀ. ಉದ್ದ, 12 ಮಿ.ಮೀ. ದಪ್ಪ, ತೂಕ 11 ಗ್ರಾಂ ಆಸುಪಾಸು. ಗಾಳಿ ಆಡದ ಕಡೆ ಇಟ್ಟರೆ ಎರಡು ಗಂಟೆಯಲ್ಲಿ ಪೂರ್ತಿ ಉರಿದು ಮುಗಿಯುತ್ತದೆ. ಒಂದು ಸಂಕಲ್ಪಕ್ಕೆ ಒಂದು ಬತ್ತಿ, ಒಂದೇ ಕೂರಿಕೆಯಲ್ಲಿ ಆರಂಭ ಮತ್ತು ಅಂತ್ಯ. ಗಾಜಿನೊಳಗೆ ಏಳು ದಿನ ಉರಿಯುವ ದೊಡ್ಡ ಬತ್ತಿಗಿಂತ ಹೊಸಬರಿಗೆ ಇದು ಎಷ್ಟೋ ಮೇಲು. ಏಳು ದಿನ ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದು ಪಳಗಿದವರಿಗೂ ಕಷ್ಟ. ಎರಡನೆಯ ದಿನಕ್ಕೇ ಬತ್ತಿ ಅದರ ಪಾಡಿಗೆ ಅದು ಉರಿಯುತ್ತಿರುತ್ತದೆ, ಹಚ್ಚಿದವರ ಗಮನ ಇನ್ನೆಲ್ಲೋ ಇರುತ್ತದೆ.

ಬಣ್ಣದ ವಿಷಯದಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಬತ್ತಿಯ ಬುಡವನ್ನು ಸೂಜಿಯಿಂದ ಸ್ವಲ್ಪ ಕೆರೆಯಿರಿ. ಒಳಗೆ ಬಿಳಿ ಕಂಡರೆ ಬಿಳಿಬತ್ತಿಯನ್ನೇ ಬಣ್ಣದ ಮೇಣದಲ್ಲಿ ಅದ್ದಿ ತೆಗೆದಿದ್ದಾರೆ ಎಂದರ್ಥ. ಅದು ದೋಷವೇನಲ್ಲ. ಅಕ್ಷರ ಕೊರೆಯುವವರಿಗಂತೂ ಅನುಕೂಲ, ಕೆಂಪಿನ ಮೇಲೆ ಬಿಳಿ ಅಕ್ಷರ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಆದರೆ ಕೊರೆಯುವಾಗ ಒಂದೂವರೆ ಮಿ.ಮೀ. ಆಳ ದಾಟಬೇಡಿ. ಮೇಲ್ಮೈಯಿಂದ ನಡುವಿನ ನೂಲಿಗೆ ಇರುವುದೇ 6 ಮಿ.ಮೀ. ಆಳವಾಗಿ ಗೀರಿದ ಕಡೆ ಗೋಡೆ ತೆಳುವಾಗಿ ಕರಗಿದ ಮೇಣ ಒಂದೇ ಬದಿಗೆ ಹರಿಯುತ್ತದೆ, ಬತ್ತಿ ವಾಲುತ್ತದೆ. ಆಮೇಲೆ ಪುಸ್ತಿಕೆಯ ‘ಶಕುನ’ದ ಪುಟ ತೆಗೆದರೆ ‘ಮೇಣ ಒಂದು ಬದಿಗೆ ಹರಿದರೆ ಅಡ್ಡಿ ಇದೆ’ ಎಂದು ಓದಬೇಕಾಗುತ್ತದೆ. ಅಡ್ಡಿ ಇದ್ದದ್ದು ಸೂಜಿಯ ಆಳದಲ್ಲಿ.

ಆ ಶಕುನದ ಪುಟವನ್ನು ಹರಿದು ಪಕ್ಕಕ್ಕಿಡುವುದು ಒಳ್ಳೆಯದು. ಜ್ವಾಲೆ ಕುಣಿದರೆ ಕಿಟಕಿಯಿಂದಲೋ ಫ್ಯಾನಿನಿಂದಲೋ ಗಾಳಿ ಬರುತ್ತಿದೆ. ಕಪ್ಪು ಹೊಗೆ ಬಂದರೆ ನೂಲು ಉದ್ದವಾಗಿದೆ, 6 ಮಿ.ಮೀ.ಗೆ ಕತ್ತರಿಸಿ. ಚಟಪಟ ಸದ್ದಾದರೆ ನೂಲಿನಲ್ಲಿ ತೇವವಿದೆ ಅಥವಾ ಮೂಲಿಕೆಯ ಚೂರು ಬಿದ್ದಿದೆ. ನೂಲಿನ ತುದಿಯಲ್ಲಿ ಅಣಬೆಯ ಹಾಗೆ ಕಪ್ಪುಗಂಟು ಕಟ್ಟಿದರೆ ಅದು ಸುಟ್ಟು ಮುಗಿಯದ ಇಂಗಾಲ. ಇಷ್ಟು ತಿಳಿದಿದ್ದರೆ ಸಾಕು, ಕೂತವರ ಮನಸ್ಸು ಜ್ವಾಲೆಯ ಲಕ್ಷಣ ಲೆಕ್ಕ ಹಾಕುವುದನ್ನು ಬಿಟ್ಟು ಸಂಕಲ್ಪದ ಕಡೆ ತಿರುಗುತ್ತದೆ. ಅನುಮಾನಪಡುತ್ತಾ ಕೂತ ಎರಡು ಗಂಟೆಯಲ್ಲಿ ಅಭ್ಯಾಸವಾಗುವುದು ಅನುಮಾನವೇ.

ಈಗ ಕಾರ್ಡಿಗೆ ಬರೋಣ. ನಿಜವಾದ ಕೆಲಸ ಇರುವುದು ಇಲ್ಲಿ.

ಪುಸ್ತಿಕೆ ‘ಇಂಟೆನ್ಷನ್’ ಮತ್ತು ‘ವಿಶ್’ ಎರಡನ್ನೂ ಒಂದರ ಬದಲು ಒಂದು ಬಳಸುತ್ತದೆ. ಕನ್ನಡದಲ್ಲಿ ಆಸೆಗೂ ಸಂಕಲ್ಪಕ್ಕೂ ಇರುವ ದೂರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಸೆಯಲ್ಲಿ ಏನು ಬೇಕು ಎನ್ನುವುದು ಮಾತ್ರ ಇರುತ್ತದೆ. ಸಂಕಲ್ಪದಲ್ಲಿ ಯಾರು, ಏನನ್ನು, ಯಾವಾಗ, ಎಲ್ಲಿಯವರೆಗೆ ಮಾಡುತ್ತಾರೆ ಎನ್ನುವುದಿರಬೇಕು. ಕಾರ್ಡಿನ ಒಂದು ಗೆರೆಯಲ್ಲಿ ಹಿಡಿಸುವುದು ಆಸೆ ಮಾತ್ರ. ‘ಒಳ್ಳೆಯ ಕೆಲಸ ಸಿಗಲಿ’, ‘ಮನಸ್ಸಿಗೆ ನೆಮ್ಮದಿ ಬರಲಿ’ ಎಂದು ಬರೆದು ಬತ್ತಿ ಹಚ್ಚುತ್ತಾರೆ. ಈ ವಾಕ್ಯಗಳ ವ್ಯಾಕರಣ ನೋಡಿ. ಸಿಗು, ಬರು, ಆಗು, ಬೇಕು ಇವೆಲ್ಲ ಬಂದ ಕಡೆ ಬಯಸುವವರು ‘ನನಗೆ’ ಎಂದು ಚತುರ್ಥಿಯಲ್ಲಿ ಕೂತುಬಿಡುತ್ತಾರೆ. ಕರ್ತೃವಿನ ಜಾಗದಲ್ಲಿ ಕೆಲಸವೋ ನೆಮ್ಮದಿಯೋ ಇರುತ್ತದೆ. ಮಾಡುವ ಕೈ ವಾಕ್ಯದೊಳಗೆ ಎಲ್ಲಿಯೂ ಇಲ್ಲ. ಇಂಗ್ಲಿಷಿನ ಪುಸ್ತಿಕೆಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ, ಅಲ್ಲಿ ‘ಐ’ ಎಂದು ಶುರುಮಾಡಿ ಎಂದರೆ ಮುಗಿಯಿತು. ಕನ್ನಡದಲ್ಲಿ ಬರೆಯುವವರು ವಾಕ್ಯದ ಕೊನೆಯನ್ನು ನೋಡಿಕೊಳ್ಳಬೇಕು. ‘ನಾನು’ ಎಂದು ಶುರುವಾಗಿ ‘ತ್ತೇನೆ’ಯಲ್ಲಿ ಮುಗಿಯದ ವಾಕ್ಯಕ್ಕೆ ಬತ್ತಿ ಖರ್ಚು ಮಾಡಬೇಡಿ.

ಒಂದು ವಾಕ್ಯವನ್ನು ತಿದ್ದಿ ತೋರಿಸುವುದು ಮೇಲು. ಮೊದಲ ಸಲ ಕಾರ್ಡಿನ ಮೇಲೆ ಬರುವುದು ‘ನನ್ನ ಪುಸ್ತಕ ಬೇಗ ಮುಗಿಯಲಿ’. ಇದು ಆಸೆ, ಪುಸ್ತಕ ತಾನಾಗಿ ಮುಗಿಯಬೇಕು. ಎರಡನೆಯ ಸಲ ‘ನಾನು ಚೆನ್ನಾಗಿ ಬರೆಯುತ್ತೇನೆ’. ಕರ್ತೃ ಬಂದ, ಆದರೆ ‘ಚೆನ್ನಾಗಿ’ ಎನ್ನುವುದನ್ನು ಅಳೆಯುವುದು ಹೇಗೆ? ಇವತ್ತು ಸಂಜೆ ಆಯಿತೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ. ಮೂರನೆಯ ಸಲ ‘ನಾನು ನಿತ್ಯ ಒಂದು ಪುಟ ಬರೆಯುತ್ತೇನೆ’. ಇದನ್ನು ಒಂದೇ ಉಸಿರಿನಲ್ಲಿ ಹೇಳಬಹುದು, ರಾತ್ರಿ ಮಲಗುವ ಮುಂಚೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದು. ಈ ತಿದ್ದುಪಡಿಗೆ ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಪುಸ್ತಿಕೆಯ ‘ವಿಧಿ’ಯಲ್ಲಿ ಎಣ್ಣೆ ಹಚ್ಚುವುದಕ್ಕೆ, ಉಸಿರಾಟಕ್ಕೆ, ಕಲ್ಲು ಜೋಡಿಸುವುದಕ್ಕೆ ಎಲ್ಲಕ್ಕೂ ಸಮಯ ಕೊಟ್ಟಿದೆ, ಬರೆದದ್ದನ್ನು ತಿದ್ದುವುದಕ್ಕೆ ಕೊಟ್ಟಿಲ್ಲ.

ಇಲ್ಲಿಗೆ ನಾವು ಇನ್ನೊಂದು ಚೀಟಿ ಸೇರಿಸುತ್ತೇವೆ, ಕಿಟ್ಟಿನಲ್ಲಿ ಅದು ಇಲ್ಲ. ಸಂಕಲ್ಪದ ಕೆಳಗೆ ‘ಯಾವಾಗ ಏನಾದ ಕೂಡಲೇ’ ಎನ್ನುವ ವಾಕ್ಯ. ‘ಬೆಳಿಗ್ಗೆ ಹಲ್ಲುಜ್ಜಿ ಬಂದ ಕೂಡಲೇ ಮೇಜಿನ ಮುಂದೆ ಕೂತು ಪೆನ್ನು ಎತ್ತಿಕೊಳ್ಳುತ್ತೇನೆ’ ಎಂಬಂತೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1990ರ ದಶಕದಲ್ಲಿ ಈ ಬಗೆಯ ವಾಕ್ಯಗಳ ಮೇಲೆ ಕೆಲಸ ಮಾಡಿದರು. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ ಸೇರಿ 94 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರೀ ‘ಮಾಡಬೇಕು’ ಎಂದುಕೊಂಡವರಿಗಿಂತ ‘ಇದಾದ ಕೂಡಲೇ ಇದು’ ಎಂದು ಗಂಟು ಹಾಕಿಕೊಂಡವರು ಗುರಿ ಮುಟ್ಟುವುದು ಗಮನಾರ್ಹವಾಗಿ ಹೆಚ್ಚಿತ್ತು. ಕಾರಣ ಸರಳ. ಹೊತ್ತನ್ನೂ ಜಾಗವನ್ನೂ ಮೊದಲೇ ನಿಗದಿ ಮಾಡಿದರೆ ಆ ಕ್ಷಣ ಬಂದಾಗ ಮನಸ್ಸು ಮತ್ತೆ ಚರ್ಚೆಗೆ ಕೂರುವುದಿಲ್ಲ. ಮಾಂತ್ರಿಕ ಅಭ್ಯಾಸದವರು ಈ ಸಂಶೋಧನೆಯನ್ನು ಹೊರಗಿನದೆಂದು ದೂರ ಇಡುವ ಅಗತ್ಯವಿಲ್ಲ. ಬತ್ತಿ, ಬಣ್ಣ, ಕತ್ತಲೆ ಕೋಣೆ ಇವೆಲ್ಲ ಆ ಗಂಟನ್ನು ಬಿಗಿ ಮಾಡುವ ಸಾಧನಗಳು.

ಹಾಗಾದರೆ ಮಾಂತ್ರಿಕ ವಿಧಿಯಲ್ಲಿ ಸಂಕಲ್ಪವೇ ಸರ್ವಸ್ವವೇ? ಪುಸ್ತಿಕೆ ‘ಅನಾದಿಕಾಲದಿಂದ ಎಲ್ಲ ಸಂಪ್ರದಾಯಗಳೂ ಇದನ್ನೇ ಹೇಳಿವೆ’ ಎನ್ನುತ್ತದೆ. ಅದು ತಪ್ಪು, ತಿದ್ದಲೇಬೇಕು. ಈಜಿಪ್ಟಿನಲ್ಲಿ ಸಿಕ್ಕ ಪ್ರಾಚೀನ ಗ್ರೀಕ್ ಮಾಂತ್ರಿಕ ಪಪೈರಸ್‌ಗಳನ್ನು ತೆರೆದರೆ ಅಲ್ಲಿ ಬೇಕಾದ ಸಾಮಗ್ರಿ, ಹೊತ್ತು, ಉಚ್ಚರಿಸಬೇಕಾದ ಹೆಸರುಗಳು ಇವುಗಳ ಮೇಲೇ ಒತ್ತು. ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಬ್ರಾನಿಸ್ಲಾವ್ ಮಾಲಿನೋವ್ಸ್ಕಿ ಅಲ್ಲಿನ ಮಂತ್ರದ ಬಲವಿರುವುದು ಪದ ತಪ್ಪದೆ ತಲೆಮಾರಿನಿಂದ ತಲೆಮಾರಿಗೆ ಬಂದ ಮಾತಿನಲ್ಲಿ ಎಂದು ಬರೆದರು. ಹೇಳುವವರ ಮನಸ್ಸಿನಲ್ಲಿ ಏನಿತ್ತು ಎನ್ನುವುದಕ್ಕಿಂತ ಮಾತು ಸರಿಯಾಗಿ ಬಂತೇ ಎನ್ನುವುದು ದೊಡ್ಡದು. ಈಗಿನ ದಕ್ಷಿಣ ಸುಡಾನಿನ ಅಜಾಂಡೆ ಜನರ ಬಗ್ಗೆ 1937ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ತೋರಿಸಿದ ವಿಂಗಡಣೆಯನ್ನೂ ಇಲ್ಲಿ ನೆನೆಯಬೇಕು. ಅವರಲ್ಲಿ ಮದ್ದು ಮಾಟ ಮಾಡುವವರು ಬೇರೆ, ಹುಟ್ಟಿನಿಂದಲೇ ಒಡಲಲ್ಲಿ ಒಂದು ವಸ್ತು ಇದ್ದು ಅದರಿಂದ ಕೆಡುಕು ಮಾಡುವವರು ಬೇರೆ. ಎರಡನೆಯದಕ್ಕೆ ಮಂತ್ರವೂ ಬೇಡ, ಮದ್ದೂ ಬೇಡ. ಇಚ್ಛೆಯನ್ನು ನಡುವೆ ತಂದು ಕೂರಿಸಿದ್ದು ಬಹುಪಾಲು ಈಚಿನವರು. 20ನೇ ಶತಮಾನದಲ್ಲಿ ಇಂಗ್ಲೆಂಡಿನ ಮಾಂತ್ರಿಕ ಅಲಿಸ್ಟರ್ ಕ್ರೌಲಿ ಇಚ್ಛೆಗೆ ತಕ್ಕಂತೆ ಬದಲಾವಣೆ ತರುವ ವಿದ್ಯೆ ಎಂದು ಮ್ಯಾಜಿಕ್ಕಿಗೆ ವ್ಯಾಖ್ಯೆ ಕೊಟ್ಟ ಮೇಲೆ ಈ ಮಾತು ಎಲ್ಲೆಡೆ ಹಬ್ಬಿತು. ಇದನ್ನು ತಿಳಿದುಕೊಂಡರೆ ಕಿಟ್ಟಿನ ಬೆಲೆ ಕಡಿಮೆಯಾಗುವುದಿಲ್ಲ. ಯಾವ ಸಂಪ್ರದಾಯದ ಸಾಧನ ತಮ್ಮ ಕೈಯಲ್ಲಿದೆ ಎನ್ನುವುದು ಬಳಸುವವರಿಗೆ ಗೊತ್ತಿರಬೇಕು, ಅಷ್ಟೇ.

ಸಿಜಿಲ್ ಚೀಟಿಗಳು ಕಿಟ್ಟಿನಲ್ಲಿ ನಮಗೆ ಹೆಚ್ಚು ಇಷ್ಟವಾದ ಭಾಗ. ಈ ವಿಧಾನದ ಮೂಲ ಇಂಗ್ಲೆಂಡಿನ ಚಿತ್ರಕಾರ ಆಸ್ಟಿನ್ ಆಸ್ಮನ್ ಸ್ಪೇರ್. 1913ರಲ್ಲಿ ತಾವೇ ಹೊರತಂದ ಪುಸ್ತಕದಲ್ಲಿ ವಿವರಿಸಿದರು. ಸಂಕಲ್ಪದ ವಾಕ್ಯ ಬರೆದು, ಮರುಕಳಿಸುವ ಅಕ್ಷರ ಬಿಟ್ಟು, ಉಳಿದವನ್ನು ಒಂದೇ ಆಕೃತಿಯಾಗಿ ಹೆಣೆಯುವುದು. ಪುಸ್ತಿಕೆ ಇದನ್ನು ರೋಮನ್ ಲಿಪಿಗೆ ಮಾತ್ರ ಹೇಳುತ್ತದೆ. ಕನ್ನಡದಲ್ಲಿ ಗುಣಿತವೂ ಒತ್ತಕ್ಷರವೂ ಇರುವುದರಿಂದ ಹೊಸಬರು ತಡವರಿಸುತ್ತಾರೆ, ‘ನಾ’ ಮತ್ತು ‘ನಿ’ ಒಂದೇ ಅಕ್ಷರವೋ ಎರಡೋ ಎಂದು. ದಾರಿ ಹೀಗಿದೆ: ಗುಣಿತದ ಚಿಹ್ನೆ, ಸೊನ್ನೆ, ಬಿಡಿ ಸ್ವರ ಎಲ್ಲ ಬಿಡಿ. ಒತ್ತಕ್ಷರವನ್ನು ಪೂರ್ಣ ವ್ಯಂಜನವಾಗಿ ಎಣಿಸಿ. ‘ನಾನು ನಿತ್ಯ ಒಂದು ಪುಟ ಬರೆಯುತ್ತೇನೆ’ ಎಂಬ ವಾಕ್ಯದಿಂದ ಆಗ ಉಳಿಯುವುದು ನ, ತ, ಯ, ದ, ಪ, ಟ, ಬ, ರ, ಒಟ್ಟು ಎಂಟು. ಈಗ ತಲೆಕಟ್ಟು ತೆಗೆಯಿರಿ. ಟ ಮತ್ತು ಬ ಗಳಿಗೆ ಅದು ಹೇಗೂ ಇಲ್ಲ. ತಲೆಕಟ್ಟು ಹೋದರೆ ಉಳಿಯುವುದು ಬರೀ ದುಂಡು ಗೆರೆಗಳು, ಒಂದರೊಳಗೊಂದು ಸುಲಭವಾಗಿ ಕೂರುತ್ತವೆ. ‘ರ’ವನ್ನು ದೊಡ್ಡದಾಗಿ ಹೊರಗಿನ ಬಳೆಯಂತೆ ಬರೆದುಕೊಂಡು, ಮಿಕ್ಕವನ್ನು ಒಳಗೆ ಒಂದರ ಬಾಲ ಇನ್ನೊಂದರ ತಲೆಯಾಗುವ ಹಾಗೆ ಕೂಡಿಸಿ. ನಾಲ್ಕೈದು ಕರಡು ಬೇಕಾಗುತ್ತದೆ. ವಾಕ್ಯ ಓದಲು ಬರದ ಹಾಗೆ, ಆದರೆ ಕೈ ಒಂದೇ ಓಟದಲ್ಲಿ ಮತ್ತೆ ಬರೆಯುವ ಹಾಗೆ ಆದಾಗ ನಿಲ್ಲಿಸಿ. ಹನ್ನೆರಡು ವ್ಯಂಜನಕ್ಕಿಂತ ಹೆಚ್ಚು ಉಳಿದರೆ ವಾಕ್ಯವೇ ಉದ್ದವಾಗಿದೆ, ಹಿಂದಕ್ಕೆ ಹೋಗಿ ಮೊಟಕು ಮಾಡಿ.

ಸ್ಪೇರ್ ಇನ್ನೊಂದು ಮಾತು ಹೇಳಿದ್ದರು, ಪುಸ್ತಿಕೆ ಅದನ್ನು ಅರೆಬರೆಯಾಗಿ ನಕಲು ಮಾಡಿದೆ: ಆಕೃತಿ ಮನಸ್ಸಿನ ಆಳಕ್ಕೆ ಇಳಿದ ಮೇಲೆ ಬಯಕೆಯನ್ನು ಮರೆಯಬೇಕು. ಇದನ್ನು ಓದಿದವರು ಗೊಂದಲಕ್ಕೆ ಬೀಳುತ್ತಾರೆ. ಸಂಕಲ್ಪ ಮುಖ್ಯ ಎನ್ನುತ್ತೀರಿ, ಮತ್ತೆ ಮರೆಯಿರಿ ಎನ್ನುತ್ತೀರಿ, ಯಾವುದನ್ನು ಹಿಡಿಯುವುದು? ನಮ್ಮ ತಿಳಿವಳಿಕೆಯಲ್ಲಿ ಬಿಡಬೇಕಾದ್ದು ಫಲದ ಹಂಬಲ, ಹಿಡಿಯಬೇಕಾದ್ದು ಮಾಡುವ ಕೆಲಸ. ಸಿಜಿಲ್ ಚೀಟಿ ಸುಡಬಹುದು. ‘ಹಲ್ಲುಜ್ಜಿ ಬಂದ ಕೂಡಲೇ’ ಎಂಬ ಚೀಟಿ ಮೇಜಿನ ಮೇಲೇ ಇರಬೇಕು. ದಿನಕ್ಕೆ ಹತ್ತು ಸಲ ‘ಫಲ ಬಂತೇ’ ಎಂದು ನೋಡುವವರು ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡುತ್ತಿದ್ದಾರೆ.

ಸುಡುವ ಹಂತದಲ್ಲಿ ಆಗುವ ತಪ್ಪು ಒಂದೇ, ಎಲ್ಲರೂ ಮಾಡುತ್ತಾರೆ. ಚೀಟಿಯನ್ನು ನಾಲ್ಕೈದು ಮಡಿಕೆ ಮಡಚಿ ಬೆಂಕಿಗೆ ಹಿಡಿಯುತ್ತಾರೆ. ಒತ್ತಾಗಿ ಮಡಚಿದ ಕಾಗದದ ಒಳಗೆ ಗಾಳಿ ಹೋಗುವುದಿಲ್ಲ, ಅಂಚು ಸುಟ್ಟು ನಡು ಉಳಿಯುತ್ತದೆ. ‘ಸಂಕಲ್ಪ ಸ್ವೀಕಾರವಾಗಲಿಲ್ಲ’ ಎಂದು ಕಳವಳಪಡುತ್ತಾರೆ. 5 ಸೆಂ.ಮೀ. ಚೌಕದ ಚೀಟಿಯನ್ನು ಒಂದೇ ಒಂದು ಸಲ ಮಡಚಿ, ಗುಡಾರದ ಹಾಗೆ ನಿಲ್ಲಿಸಿ, ಪಿಂಗಾಣಿ ಬಟ್ಟಲಲ್ಲಿಟ್ಟು ಮೇಲಿನ ಅಂಚಿಗೆ ಕಿಚ್ಚು ಮುಟ್ಟಿಸಿ. ಪೂರ್ತಿ ಬೂದಿಯಾಗುತ್ತದೆ. ಕೈಯಲ್ಲಿ ಹಿಡಿದು ಸುಡಬೇಡಿ, ಚಿಮಟ ಇರಲಿ. ಕಿಟ್ಟಿನಲ್ಲಿ ಬಟ್ಟಲೂ ಇಲ್ಲ, ಚಿಮಟವೂ ಇಲ್ಲ, ಇದು ಕೊರತೆ.

ಎಣ್ಣೆ ಮತ್ತು ಮೂಲಿಕೆಯ ವಿಷಯದಲ್ಲಿ ಪುಸ್ತಿಕೆ ಅಪಾಯಕಾರಿ. ‘ಬತ್ತಿಗೆ ಧಾರಾಳವಾಗಿ ಎಣ್ಣೆ ಸವರಿ, ಮೂಲಿಕೆಯಲ್ಲಿ ಹೊರಳಿಸಿ’ ಎನ್ನುತ್ತದೆ. ಇಷ್ಟು ತೆಳುವಾದ ಬತ್ತಿಗೆ ಎರಡು ಹನಿ ಎಣ್ಣೆ ಹೆಚ್ಚೇ ಆಯಿತು. ಮೇಲ್ತುದಿಯಿಂದ 1 ಸೆಂ.ಮೀ. ಬಿಟ್ಟು ಕೆಳಗೆ ಸವರಿ. ಒಣ ಎಲೆಯ ಪ್ರತಿ ಚೂರೂ ಕರಗಿದ ಮೇಣದಲ್ಲಿ ಬಿದ್ದರೆ ಇನ್ನೊಂದು ನೂಲಿನ ಹಾಗೆ ಮೇಣ ಹೀರಿ ಹೊತ್ತಿಕೊಳ್ಳುತ್ತದೆ, ಜ್ವಾಲೆ ಇದ್ದಕ್ಕಿದ್ದಂತೆ ಎರಡು ಮೂರು ಪಟ್ಟು ಎದ್ದೇಳುತ್ತದೆ. ಮೂಲಿಕೆ ಬೇಕೇ ಬೇಕು ಎನ್ನುವವರು ಬತ್ತಿಯಿಂದ 30 ಸೆಂ.ಮೀ. ದೂರದಲ್ಲಿ ತಟ್ಟೆಯ ಸುತ್ತ ಹರಡಿ. ಎಣ್ಣೆಯಲ್ಲಿ ದಾಲ್ಚಿನ್ನಿಯ ಸತ್ವ ಇದ್ದರೆ ಚರ್ಮ ಉರಿಯುತ್ತದೆ, ಸವರಿದ ಬೆರಳನ್ನು ಸಾಬೂನು ಹಾಕಿ ತೊಳೆದೇ ಕಣ್ಣು ಮುಟ್ಟಿ. ಇದ್ದಿಲಿನ ಬಿಲ್ಲೆಯನ್ನು ಬಳಸದಿರುವುದೇ ಮೇಲು. ಬೇಗ ಹೊತ್ತಲೆಂದು ಅದಕ್ಕೆ ಪೆಟ್ಲುಪ್ಪು ಬೆರೆಸಿರುತ್ತಾರೆ, ಕಿಡಿ ಹಾರುತ್ತದೆ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಕೆಳಗೆ ಹಾಕುವ ಮರಳನ್ನೂ ಕೊಡದೆ ಬಿಲ್ಲೆ ಮಾತ್ರ ಕೊಟ್ಟಿರುವುದು ಬೇಜವಾಬ್ದಾರಿ.

ಕಲ್ಲುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಳದಿ ‘ಸಿಟ್ರಿನ್’ ಬಹುಪಾಲು ಕಾಯಿಸಿದ ಅಮೆಥಿಸ್ಟ್; ಬುಡ ಬಿಳಿ, ತುದಿ ಮಾತ್ರ ಕಿತ್ತಳೆ ಇದ್ದರೆ ಅದೇ. ಸೆಲೆನೈಟನ್ನು ಉಪ್ಪುನೀರಲ್ಲಿ ನೆನೆಸಿ ಶುದ್ಧಿ ಮಾಡಿ ಎಂದು ಬರೆದಿದ್ದಾರೆ, ಮಾಡಬೇಡಿ. ಅದು ಜಿಪ್ಸಮ್, ಉಗುರಿನಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆದು, ನೀರಲ್ಲಿ ಮೆಲ್ಲಗೆ ಕರಗಿ ಹೊಳಪು ಕಳೆದುಕೊಳ್ಳುತ್ತದೆ. ಕಲ್ಲು ಹಾಕಿದ ನೀರನ್ನು ಕುಡಿಯಲೂ ಬೇಡಿ.

ಪುಸ್ತಿಕೆಯ ಒಂದು ಅಧ್ಯಾಯವನ್ನು ಮಾತ್ರ ನಾವು ಪೂರ್ತಿ ವಿರೋಧಿಸುತ್ತೇವೆ, ದೂರದಲ್ಲಿರುವ ರೋಗಿಯ ಹೆಸರಿನಲ್ಲಿ ಬತ್ತಿ ಹಚ್ಚಿ ಗುಣಪಡಿಸುವ ಅಧ್ಯಾಯ. ಬೇರೆಯವರಿಗಾಗಿ ಇಟ್ಟ ಸಂಕಲ್ಪವನ್ನು ದೊಡ್ಡದಾಗಿ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡ 1802 ರೋಗಿಗಳು, ಪ್ರಾರ್ಥಿಸುವವರಿಗೆ ಒಂದೇ ನಿಗದಿತ ವಾಕ್ಯ. ತಮಗಾಗಿ ಪ್ರಾರ್ಥಿಸುತ್ತಾರೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ಪಡೆದವರಿಗೆ ಶೇ. 52, ಪಡೆಯದವರಿಗೆ ಶೇ. 51 ತೊಡಕುಗಳಾದವು. ತಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ತಿಳಿದವರಲ್ಲಿ ಅದು ಶೇ. 59. ಸಂಕಲ್ಪ ಕೆಲಸ ಮಾಡುವುದು ಅದನ್ನು ಇಟ್ಟುಕೊಂಡವರ ಕೈಕಾಲಿನ ಮೂಲಕ. ಕಾಯಿಲೆಬಿದ್ದ ಆಪ್ತರಿಗಾಗಿ ಬತ್ತಿ ಹಚ್ಚಬೇಕೆನಿಸಿದರೆ ವಾಕ್ಯ ‘ಅವರು ಗುಣವಾಗಲಿ’ ಎಂದಿರದೆ ‘ನಾನು ದಿನವೂ ಸಂಜೆ ಆರಕ್ಕೆ ಅವರ ಮಾತ್ರೆ ಎಣಿಸಿ ಕೊಡುತ್ತೇನೆ’ ಎಂದಿರಲಿ. ಇನ್ನೊಬ್ಬರ ಮನಸ್ಸನ್ನು ತಿರುಗಿಸುವ ‘ಪ್ರೇಮ’ದ ಕೆಂಪು ಬತ್ತಿಗೂ ಇದೇ ಮಾತು. ಆ ವಾಕ್ಯದಲ್ಲಿ ‘ತ್ತೇನೆ’ ಬರಲು ಸಾಧ್ಯವೇ ಇಲ್ಲ.

ಕಿಟ್ ಕೊಂಡವರು ಒಂದು ಕೂರಿಕೆಯನ್ನು ಹೀಗೆ ಮಾಡಬಹುದು. ಲೋಹದ ಅಥವಾ ಪಿಂಗಾಣಿ ಹಿಡಿಕೆಯಲ್ಲಿ ಬತ್ತಿ ನೆಟ್ಟಗೆ ನಿಲ್ಲಿಸಿ, ಸುತ್ತ 30 ಸೆಂ.ಮೀ. ಒಳಗೆ ಪರದೆ, ಕಾಗದ ಯಾವುದೂ ಬೇಡ. ಪಕ್ಕದಲ್ಲಿ ಒಂದು ಲೋಟ ನೀರು. ಮೇಲಿನಿಂದ ಎರಡೂವರೆ ಸೆಂ.ಮೀ. ಕೆಳಗೆ ಗುಂಡುಪಿನ್ನು ಚುಚ್ಚಿ. ಅಲ್ಲಿಯವರೆಗೆ ಉರಿಯಲು ಸುಮಾರು ಅರ್ಧ ಗಂಟೆ. ಪಿನ್ನು ‘ಟಣ್’ ಎಂದು ತಟ್ಟೆಗೆ ಬೀಳುವವರೆಗೆ ಕಣ್ಣು ಆಕೃತಿಯ ಮೇಲೆ, ವಾಕ್ಯ ಬಾಯಲ್ಲಿ. ಗಮನ ಜಾರುತ್ತದೆ, ಜಾರಿದ್ದು ತಿಳಿದ ಕೂಡಲೇ ವಾಕ್ಯವನ್ನು ಮೊದಲಿನಿಂದ ಹೇಳಿ. ಪಿನ್ನು ಬಿದ್ದ ಮೇಲೆ ಚೀಟಿ ಸುಟ್ಟು ಏಳಬಹುದು, ಕೋಣೆ ಬಿಟ್ಟು ಹೋಗುವುದಾದರೆ ಬತ್ತಿಯನ್ನು ಆರಿಸಿಯೇ ಹೋಗಿ. ‘ಆರಿಸಿದರೆ ಸಂಕಲ್ಪ ಮುರಿಯುತ್ತದೆ’ ಎಂದು ಪುಸ್ತಿಕೆ ಹೆದರಿಸುವುದನ್ನು ನಂಬಬೇಡಿ. ಉಳಿದ ಬತ್ತಿಯನ್ನು ಮರುದಿನ ಅದೇ ವಾಕ್ಯಕ್ಕೆ ಹಚ್ಚಿ, ಬೇರೆ ವಾಕ್ಯಕ್ಕೆ ಬೇಡ.

ಒಂದೇ ರಾತ್ರಿ ಐದು ಬಣ್ಣದ ಐದು ಬತ್ತಿ ಹಚ್ಚಿ ಐದು ಸಂಕಲ್ಪ ಇಡುವವರಿದ್ದಾರೆ, ಪೆಟ್ಟಿಗೆಯ ಮೇಲಿನ ಚಿತ್ರವೂ ಹಾಗೇ ಇದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುವ ಗಾದೆ ಇಲ್ಲಿ ಅಕ್ಷರಶಃ ಸರಿ. ಒಂದು ವಾಕ್ಯ ಮೂವತ್ತು ದಿನ ನಡೆದ ಮೇಲೆ ಎರಡನೆಯದನ್ನು ಬರೆಯಿರಿ. ಆ ಮೂವತ್ತು ದಿನ ಹೌದು–ಇಲ್ಲ ಗುರುತು ಹಾಕಲು ಒಂದು ಹಾಳೆ ಬೇಕು, ಕಿಟ್ಟಿನಲ್ಲಿ ಅದಿಲ್ಲ, ಯಾವುದಾದರೂ ನೋಟ್‌ಬುಕ್ ಸಾಕು. ‘ಇಲ್ಲ’ ಎಂದು ಬಿದ್ದ ದಿನದ ಎದುರು ಕಾರಣ ಬರೆಯಿರಿ. ಒಂದೇ ಕಾರಣ ಮೂರು ಸಲ ಬಂದರೆ ‘ಯಾವಾಗ’ ಚೀಟಿಯನ್ನು ಬದಲಿಸಿ, ಸಂಕಲ್ಪವನ್ನು ಹಾಗೇ ಬಿಡಿ.

ನಮ್ಮ ಅಂಕ ಐದಕ್ಕೆ ಎರಡೂವರೆ. ಬತ್ತಿಗೂ ಸಿಜಿಲ್ ಚೀಟಿಗೂ ಪೂರ್ತಿ ಅಂಕ ಸಂದಿದೆ, ಪುಸ್ತಿಕೆ ಕಳೆದಿದೆ. ಬತ್ತಿಗಳನ್ನು ಬಿಡಿಯಾಗಿ ಮಾರುವ ಕಡೆ ಸಿಕ್ಕರೆ ಪೆಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. ಈಗಾಗಲೇ ಕೊಂಡಿರುವವರು ಕಾರ್ಡಿನ ಹಿಂಬದಿ ನೋಡಿ, ಅದು ಖಾಲಿ ಇದೆ. ಮೂರು ಕರಡಿಗೂ ‘ಯಾವಾಗ’ ವಾಕ್ಯಕ್ಕೂ ಅಲ್ಲಿ ಸಾಕಷ್ಟು ಜಾಗವಿದೆ.